ನಾಲಿಗೆ ಒಳಗೆ ಹಾಕುವವನು

ಸತ್ತ ಪ್ರಾಣಿಗೆ ಮಾನ ಮರ್ಯಾದೆ ಗೊತ್ತಾಗುವುದಿಲ್ಲ. ಗುಂಡು ತಿಂದು ಬಿದ್ದ ಕೂಡಲೆ ನಾಲಿಗೆಯನ್ನು ಹೊರಗೆ ಚಾಚಿಬಿಡುತ್ತದೆ. ಸಮುದ್ರ ದಾಟಿ ಬಂದು, ಎಲೆಯ ಚಿತ್ರವಿರುವ ಬಟ್ಟೆ ತೊಟ್ಟು, ಅದರ ಬೆನ್ನ ಹಿಂದೆ ಕೂತು ಫೋಟೋ ತೆಗೆಸಿಕೊಳ್ಳುವ ದೊಡ್ಡ ಮನುಷ್ಯನಿಗೆ ಇದು ಅವಮಾನ. ಗೆದ್ದೆ ಎಂದು ಅವನು ಹಲ್ಲು ಬಿಡುತ್ತಿದ್ದರೆ ಇದು ಮುಂದೆ ಮಲಗಿ ಅಣಕಿಸಿದ ಹಾಗೆ ಕಾಣುತ್ತದೆ. ಆದ್ದರಿಂದ ಲಿಂಪೋಪೋ ನದಿಯ ಈ ದಂಡೆಯ ಬೇಟೆ ಫಾರ್ಮುಗಳಲ್ಲಿ ಆ ನಾಲಿಗೆಯನ್ನು ಒಳಗೆ ತಳ್ಳಿ ಬಾಯಿ ಮುಚ್ಚಿಸುವುದಕ್ಕೆ ಅಂತಲೇ ಒಬ್ಬ ಮನುಷ್ಯ ಬೇಕಾಗುತ್ತಾನೆ. ಗರ್ಟ್ ಸ್ನೇಮನ್‌ನ ಫಾರ್ಮಿನಲ್ಲಿ ಆ ಮನುಷ್ಯ ಮೊಡಿಸಾ.

ಅವನ ನಿಜವಾದ ಕಸುಬು ಚರ್ಮ ಸುಲಿಯುವುದು. ಆದರೆ ಸುಲಿಯುವ ಮೊದಲು ಸಿಂಗಾರ. ಮೊಡಿಸಾ ಡಬ್ಬಿಯಲ್ಲಿ ನೀರು ತಂದು ಮೂಗಿನ ರಕ್ತ ತೊಳೆಯುತ್ತಿದ್ದ. ಗುಂಡಿನ ತೂತಿಗೆ ಹುಲ್ಲು ತುರುಕಿ ಮೇಲೆ ಮಣ್ಣು ಸವರುತ್ತಿದ್ದ. ಮುಂದಿನ ಕಾಲುಗಳನ್ನು ಮಡಿಸಿ, ಗದ್ದದ ಕೆಳಗೆ ಕಲ್ಲು ಕೊಟ್ಟು, ಜಿಂಕೆ ಊಟ ಮುಗಿಸಿ ಮೆಲುಕು ಹಾಕುತ್ತಿದೆಯೇನೋ ಎನ್ನುವ ಹಾಗೆ ಕೂರಿಸುತ್ತಿದ್ದ. ಆಮೇಲೆ ಬೇಟೆಗಾರನನ್ನು ಸಾಕಷ್ಟು ಹಿಂದಕ್ಕೆ ಸರಿಸುತ್ತಿದ್ದ. ಹಿಂದೆ ಕೂತಷ್ಟೂ ಪ್ರಾಣಿ ದೊಡ್ಡದಾಗಿ ಕಾಣುತ್ತದೆ. ಹಾಗೆ ಮಾಡಿದರೆ ಮನುಷ್ಯ ಚಿಕ್ಕವನಾಗಿ ಕಾಣುತ್ತಾನೆ ಎಂಬುದು ಇದುವರೆಗೆ ಒಬ್ಬ ಗಿರಾಕಿಗೂ ಹೊಳೆದಿಲ್ಲ.

ನಾನು ಅಲ್ಲಿ ಜೀಪು ಓಡಿಸುವವನು. ಜೀಪು ನಿಂತ ಮೇಲೆ ಗಿರಾಕಿಯ ಫೋನು ಹಿಡಿದು ಫೋಟೋ ತೆಗೆಯುವುದೂ ನನ್ನ ಪಾಲಿಗೇ ಬಂದಿತ್ತು. ಮೊಡಿಸಾ ನನಗೆ ತಾಯಿಯ ಕಡೆಯಿಂದ ಮಾವನಾಗಬೇಕು. ನನ್ನ ತಲೆ ನರೆತರೂ ಅವನಿಗೆ ನಾನು ಅಳಿಯನೇ.

"ಮಾವ, ಈ ಕೆಲಸ ನಿನಗೆ ಅಸಹ್ಯ ಆಗಲ್ವಾ?" ಎಂದು ಒಮ್ಮೆ ಕೇಳಿದ್ದೆ.

"ಸತ್ತೋರ ಮುಖ ತೊಳೆಯೋದು ಪುಣ್ಯದ ಕೆಲಸ ಕಣೋ ಅಳಿಯ," ಎಂದ. "ಪಕ್ಕದಲ್ಲಿ ಹಲ್ಲು ಕಿರೀತಾ ಕೂತಿರ್ತಾನಲ್ಲ, ಅವನ ಮುಖ ತೊಳೆಯೋಕೆ ನೀರು ಸಾಲಲ್ಲ, ಅಷ್ಟೇ."

ಗರ್ಟ್‌ನ ಅಪ್ಪ ಇದೇ ನೆಲದಲ್ಲಿ ದನ ಸಾಕುತ್ತಿದ್ದ. ದನದಲ್ಲಿ ಲಾಭವಿಲ್ಲವೆಂದು ಗರ್ಟ್ ಬೇಲಿ ಎತ್ತರಿಸಿ, ದನ ಮಾರಿ, ಹರಾಜಿನಲ್ಲಿ ಜೀಬ್ರಾಗಳನ್ನು, ಕುಡು, ಇಂಪಾಲ ಎಂಬ ಜಿಂಕೆಗಳನ್ನು ಕೊಂಡು ತಂದು ಬಿಟ್ಟ. ಲಾರಿಯಿಂದ ಇಳಿದ ಪ್ರಾಣಿ ಗೇಟು ದಾಟಿದ ಕೂಡಲೆ ಕಾಡುಪ್ರಾಣಿ. ದನಗಾಹಿಯ ಮಗನೂ ಅದೇ ಗೇಟಿನಲ್ಲಿ ವನ್ಯಜೀವಿ ಸಂರಕ್ಷಕನಾಗಿಬಿಟ್ಟ, ಟೋಪಿ ಕೂಡ ಬದಲಾಯಿಸದೆ. ನಾವು ಅವನನ್ನು ಊಮ್ ಗರ್ಟ್ ಎನ್ನುತ್ತಿದ್ದೆವು. ಊಮ್ ಎಂದರೆ ಅವರ, ಅಂದರೆ ಇಲ್ಲಿನ ಬಿಳಿಯರ, ಭಾಷೆಯಲ್ಲಿ ಚಿಕ್ಕಪ್ಪ. ನಮ್ಮಲ್ಲೇ ಹುಟ್ಟಿ ಬೆಳೆದವನಾದ್ದರಿಂದ ನಮ್ಮ ಭಾಷೆಯನ್ನು ನಮ್ಮಷ್ಟೇ ಚೆನ್ನಾಗಿ ಆಡುತ್ತಿದ್ದ. ಹೆಚ್ಚಾಗಿ ಬಯ್ಯುವುದಕ್ಕೆ.

ಮೊಡಿಸಾ ಒಂದು ಪ್ರಾಣಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದು ಕಾಡುಕೋಣ. ಅದು ಅವನ ಬೆಡಗು. ನಮ್ಮಲ್ಲಿ ಹೊಸಬ ಸಿಕ್ಕರೆ 'ನೀನು ಏನನ್ನು ಕುಣಿಯುವವನು?' ಎಂದು ಕೇಳುತ್ತಾರೆ. ಮೊಸಳೆ ಕುಣಿಯುವವರಿದ್ದಾರೆ, ಕೋತಿ ಕುಣಿಯುವವರಿದ್ದಾರೆ. ಯಾವುದನ್ನು ಕುಣಿಯುತ್ತೇವೋ ಅದನ್ನು ಕೊಲ್ಲುವಂತಿಲ್ಲ, ತಿನ್ನುವಂತಿಲ್ಲ, ಅದರ ಚರ್ಮದ ಮೇಲೆ ಕೂರುವಂತಿಲ್ಲ. ಅದು ಮನೆಯ ಹಿರಿಯ. ನಾನು ಅಪ್ಪನ ಕಡೆಯಿಂದ ಮುಳ್ಳುಹಂದಿ ಕುಣಿಯುವವನು. ಮುಳ್ಳುಹಂದಿಯ ಪಕ್ಕ ಫೋಟೋ ತೆಗೆಸಿಕೊಳ್ಳಲು ಯಾರೂ ವಿಮಾನ ಹತ್ತಿ ಬರುವುದಿಲ್ಲವಾದ್ದರಿಂದ ನನ್ನ ಧರ್ಮ ಸುಲಭ. ಮೊಡಿಸಾನದು ಕಷ್ಟದ್ದು. ಕಾಡುಕೋಣಕ್ಕೆ ಬೇಡಿಕೆ ಜಾಸ್ತಿ. ಅದು ಬೀಳುವ ದಿನ ಅವನು ಮನೆಯಲ್ಲಿ ಬಾಗಿಲು ಹಾಕಿಕೊಂಡಿರುತ್ತಿದ್ದ. ಪಕ್ಕದ ಫಾರ್ಮಿನಿಂದ ಬೇರೆ ಬೆಡಗಿನವನು ಬಂದು ಸುಲಿದು ಹೋಗುತ್ತಿದ್ದ, ಮಾಂಸ ದೂರದ ಪೇಟೆಗೆ ಹೋಗುತ್ತಿತ್ತು. ಗರ್ಟ್ ಗೊಣಗುತ್ತಿದ್ದನೇ ಹೊರತು ತಡೆಯುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಮೊಡಿಸಾ ಇಂದಿಗೂ ನಾಲಿಗೆಗಳನ್ನು ಒಳಗೆ ಹಾಕುತ್ತಲೇ ಇರುತ್ತಿದ್ದ. ಆದರೆ ಒಂದು ಚಳಿಗಾಲದಲ್ಲಿ ಒಂದು ಕಾಡೆಮ್ಮೆ ಸತ್ತು, ಅದರ ಕರು ಬೇಲಿಯ ಹತ್ತಿರ ಅರಚುತ್ತಾ ಸಿಕ್ಕಿತು. ಗರ್ಟ್ ಅದನ್ನು ಜೀಪಿನಲ್ಲಿ ಹಾಕಿಕೊಂಡು ಬಂದು ಮೊಡಿಸಾನ ಮನೆಯ ಮುಂದೆ ಇಳಿಸಿದ.

"ತಗೋ, ನಿಮ್ಮ ನೆಂಟ. ನೀನೇ ಸಾಕು. ನಿಮ್ಮ ಸಂಸ್ಕೃತಿಗೆ ನಾನು ಎಷ್ಟು ಗೌರವ ಕೊಡ್ತೀನಿ ನೋಡು," ಎಂದ.

ಮೊಡಿಸಾ ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿದ. ಅವನ ಹೆಂಡತಿ ಬೊನೊಲೊ ಹಳೆಯ ಕಂಬಳಿ ಹೊದಿಸಿದಳು. ಕರುವನ್ನು ಅವನು 'ಅಜ್ಜ' ಎಂದೇ ಕರೆಯುತ್ತಿದ್ದ. ಹಿರಿಯನಲ್ಲವೇ!

"ನಿನ್ನ ಅಜ್ಜ ನನ್ನ ಬಟ್ಟೆ ಅಗೀತಿದಾನೆ ನೋಡು," ಎಂದು ಬೊನೊಲೊ ಕೂಗುತ್ತಿದ್ದಳು.

"ವಯಸ್ಸಾದೋರು ಕಣೆ, ಏನೋ ಬಾಯಾಡಿಸ್ತಾರೆ. ಬಿಡು."

ಅಜ್ಜ ಬೆಳೆದು ದೊಡ್ಡ ಕೋಣವಾದ. ಕೊಂಬುಗಳು ಹಣೆಯ ಮೇಲೆ ಕೂಡಿ ಬಂಡೆಯಂತಾದವು. ಕಿವಿಗೆ ಹಳದಿ ಬಿಲ್ಲೆ ಬಿತ್ತು. ದೊಡ್ಡ ಆವರಣಕ್ಕೆ ಬಿಟ್ಟ ಮೇಲೂ ಮೊಡಿಸಾ ದಿನಾ ಬೆಳಿಗ್ಗೆ ಕೆಂಪು ಬಕೆಟ್ಟಿನಲ್ಲಿ ಹಿಂಡಿ ಹಿಡಿದು ಹೋಗಿ, ಬಕೆಟ್ಟನ್ನು ಗಲಗಲ ಅಲ್ಲಾಡಿಸಿ, ತನ್ನ ಬೆಡಗಿನ ಸ್ತುತಿಯನ್ನೇ ಹೇಳಿ ಕರೆಯುತ್ತಿದ್ದ:

"ಹಣೆಯ ಮೇಲೆ ಬಂಡೆ ಹೊತ್ತವನೇ,
ಹೊಳೆಯ ನೀರು ಕುಡಿದು ಹೊಳೆಗೆ ಬೆನ್ನು ಹಾಕದವನೇ,
ಹಿಂಡಿನ ಕೊನೆಯವರು ಬರುವತನಕ ನೀರಿಗೆ ಇಳಿಯದವನೇ, ಬಾ."

ಮೋಪಾನೆ ಮರಗಳನ್ನು ಮುರಿಯುತ್ತಾ ಅಜ್ಜ ಓಡಿ ಬಂದು ಬಕೆಟ್ಟಿಗೆ ಮುಖ ಹಾಕುತ್ತಿದ್ದ. ಗೊತ್ತಿಲ್ಲದವರು ನೋಡಿದರೆ ಎದೆ ಒಡೆದುಕೊಳ್ಳಬೇಕು, ಹಾಗೆ ಬರುತ್ತಿದ್ದ. ಈ ಸ್ತುತಿಯನ್ನು ನಮ್ಮೂರು ಮೊವಾನೆಂಗ್‌ನಲ್ಲಿ ಮದುವೆಗೂ ಸಾವಿಗೂ ಮೊಡಿಸಾನೇ ಹೇಳಬೇಕು. ಹಿರಿಯರು ಅದನ್ನು ಅವನ ಬಾಯಿಗೆ ಒಪ್ಪಿಸಿದ್ದರು. ಬೇರೆಯವರು ಹೇಳಿದರೆ ಮದುಮಗನಿಗೂ ಸಮಾಧಾನವಿಲ್ಲ, ಹೆಣಕ್ಕೂ ಸಮಾಧಾನವಿಲ್ಲ.

ಆ ವರ್ಷ ವೆಂಡೆಲ್ ಕ್ರೌಚ್ ಎಂಬ ಅಮೆರಿಕದ ಗಿರಾಕಿ ಬಂದ. ಅಲ್ಲಿ ಕೊಳಾಯಿ, ಸಂಡಾಸು ಸಾಮಾನಿನ ಭಾರಿ ವ್ಯಾಪಾರಿಯಂತೆ. ಹಾಗೆಂದು ಅವನು ಹೇಳಿಕೊಳ್ಳುತ್ತಿರಲಿಲ್ಲ. "ನಾನು ಮೂಲತಃ ಬೇಟೆಗಾರ," ಎನ್ನುತ್ತಿದ್ದ. ಅವನ ಮೈಮೇಲೆ ಇದ್ದ ಜೇಬುಗಳಲ್ಲಿ ನಮ್ಮೂರಿನ ಅಂಗಡಿಯ ಸಾಮಾನೆಲ್ಲ ಹಿಡಿಸುತ್ತಿತ್ತು. ಸೊಳ್ಳೆಗೆಂದು ಬಳಿದುಕೊಳ್ಳುತ್ತಿದ್ದ ಎಣ್ಣೆಯ ವಾಸನೆ ಅವನಿಗಿಂತ ಮೊದಲೇ ಕಾಡು ಸೇರುತ್ತಿತ್ತು. ಕಾಡುಕೋಣಗಳ ಹಿಂಡು ಅದನ್ನು ಮೂಸಿ ಬೇಲಿಯ ಆ ತುದಿಗೆ ಹೋಗಿ ನಿಂತುಬಿಟ್ಟಿತು. ನಡೆದು ಹಿಡಿಯೋಣವೆಂದರೆ ಕ್ರೌಚ್‌ನ ಬೂಟು ಹೊಸದು, ಕಾಲು ಹಳೆಯದು. ಜೀಪಿನಿಂದ ಮರದ ನೆರಳಿಗೆ, ಮರದ ನೆರಳಿನಿಂದ ಜೀಪಿಗೆ, ಅಷ್ಟೇ ಅವನ ಕಾಡು. ಎರಡು ಇಂಪಾಲ ಹೊಡೆದ. ಒಂದನ್ನು ಹೊಟ್ಟೆಗೆ ಹೊಡೆದು, ಅದು ಕರುಳು ಎಳೆದುಕೊಂಡು ಓಡಿದ ದಾರಿಯಲ್ಲಿ ಮಧ್ಯಾಹ್ನದವರೆಗೆ ನಾವು ಹುಡುಕಿ ಮುಗಿಸಬೇಕಾಯಿತು. ಸಂಜೆ ಅದೇ ಕಥೆಯನ್ನು 'ಚಾಣಾಕ್ಷ ಪ್ರಾಣಿ' ಎಂದು ಹೇಳಿಕೊಂಡು ಬಿಯರ್ ಕುಡಿದ.

ಹೊರಡುವ ದಿನ ಹತ್ತಿರ ಬಂತು. ಕೋಣ ಬಿದ್ದಿರಲಿಲ್ಲ. "ನನ್ನ ಮನೆಯ ಗೋಡೆ ಖಾಲಿ ಇದೆ, ಗರ್ಟ್. ಅದು ನನ್ನ ಮೇಲೆ ನುಗ್ಗಿ ಬರಬೇಕು, ಅದನ್ನ ನಾನು ಎದುರಿಸಬೇಕು. ವಿಡಿಯೋ ಬೇಕು," ಎಂದು ಕ್ರೌಚ್ ಊಟದ ಮೇಜಿನಲ್ಲಿ ಮುಖ ಊದಿಸಿಕೊಂಡ.

ಮರುದಿನ ಗರ್ಟ್ ಸುಲಿಯುವ ಶೆಡ್ಡಿಗೆ ಬಂದ. ಮೊಡಿಸಾ ಒಂದು ಚರ್ಮಕ್ಕೆ ಉಪ್ಪು ಉಜ್ಜುತ್ತಿದ್ದ. ನಾನು ಹೊರಗೆ ಜೀಪಿನ ಚಕ್ರ ಬಿಚ್ಚುತ್ತಿದ್ದೆ.

"ನಾಳೆ ಬೆಳಿಗ್ಗೆ ಬಕೆಟ್ ತಗೊಂಡು ಪೊದೆ ಹಿಂದೆ ನಿಂತ್ಕೋ," ಎಂದ ಗರ್ಟ್. "ಕ್ರೌಚ್ ಮುಂದೆ ನಿಂತಿರ್ತಾನೆ. ನೀನು ಯಾವಾಗಿನ ಹಾಗೆ ಕರಿ. ಉಳಿದಿದ್ದು ನಾನು ನೋಡ್ಕೋತೀನಿ."

ಮೊಡಿಸಾ ಉಪ್ಪು ಉಜ್ಜುವುದನ್ನು ನಿಲ್ಲಿಸಲಿಲ್ಲ. "ಯಾರನ್ನ ಕರೀಬೇಕು, ಊಮ್ ಗರ್ಟ್?"

"ಗೊತ್ತಿದ್ದೂ ಕೇಳ್ಬೇಡ."

"ಮನೆ ಹಿರೀಕನ ಹೆಸರು ಹೇಳಿ ಕರೆದು, ಬಂದಮೇಲೆ ಹೊಡಿಸ್ಲಾ?"

"ಹಿರೀಕ ಅಂತೆ! ಕಿವೀಲಿ ನನ್ನ ಬಿಲ್ಲೆ ಇದೆ ಕಣಯ್ಯ. ಅದು ನನ್ನ ಸರಕು. ನೀನೇನು ಹೊಡೀಬೇಡ, ಮುಟ್ಟಬೇಡ, ತಿನ್ಬೇಡ. ಬರೀ ಕರಿ. ಕರೆಯೋಕೆ ನಿಮ್ಮ ಶಾಸ್ತ್ರದಲ್ಲಿ ಏನು ಅಡ್ಡಿ?"

ಸಂಸ್ಕೃತಿಗೆ ಗೌರವ ಕೊಡುವವನಲ್ಲವೇ, ಅದರಲ್ಲಿ ಸಂದು ಎಲ್ಲಿದೆ ಎಂದು ಹುಡುಕಿಟ್ಟಿದ್ದ. ಮೊಡಿಸಾ ಕೈಯ ಉಪ್ಪು ಕೊಡವಿ, "ಆಮೇಲೆ ಇದೇ ಬಾಯಲ್ಲಿ ಮದುವೆ ಮನೇಲಿ ಏನು ಹೇಳ್ಲಿ?" ಎಂದ. "ಇದಕ್ಕೇ ಬಾಯಿ ಬಳಸಿದೋನು ಸತ್ತೋರ ಮುಂದೆ ಹೆಂಗೆ ಬಾಯಿ ಬಿಡ್ಲಿ? ನನ್ನ ಕೈಲಾಗಲ್ಲ, ಊಮ್ ಗರ್ಟ್."

"ಹಂಗಾದ್ರೆ ಮನೆ ಖಾಲಿ ಮಾಡು. ಕೆಲಸದೋರಿಗೆ ಕೊಟ್ಟಿರೋ ಮನೆ ಅದು, ಭಜನೆ ಹೇಳೋರಿಗಲ್ಲ."

ಮೊಡಿಸಾ ಚಾಕುವನ್ನು ಒರೆಸಿ ಮೇಜಿನ ಮೇಲಿಟ್ಟ. ರಬ್ಬರಿನ ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿದ. ಅದೇ ಸಂಜೆ ಕತ್ತೆಗಾಡಿಯ ಮೇಲೆ ಮಂಚ, ಪಾತ್ರೆ, ಬುಟ್ಟಿಯಲ್ಲಿ ಕೋಳಿಗಳನ್ನು ಹೇರಿ, ಸಾಮಾನಿನ ಮೇಲೆ ಬೊನೊಲೊ ಕೂತು, ಇಬ್ಬರೂ ಮೊವಾನೆಂಗ್‌ಗೆ, ಅವನ ಅಕ್ಕನ ಅಂಗಳಕ್ಕೆ ಹೊರಟುಹೋದರು. "ನಿನ್ನ ಅಜ್ಜನಿಂದ ಮನೆ ಹೋಯ್ತು," ಎಂದು ಬೊನೊಲೊ ದಾರಿಯುದ್ದಕ್ಕೂ ಬೈದಳಂತೆ. ಆದರೆ ಹೊರಡುವಾಗ ಆ ಹಳೆಯ ಕಂಬಳಿಯನ್ನು ಮರೆಯದೆ ತುಂಬಿಕೊಂಡಿದ್ದಳು.

ಬೆಳಿಗ್ಗೆ ಗರ್ಟ್ ತಾನೇ ಬಕೆಟ್ ಹಿಡಿದು ಪೊದೆಯ ಹಿಂದೆ ನಿಂತ. ಬೇರೆಯವರ ಕೈಗೆ ಅಜ್ಜ ಬರಲಿಲ್ಲ ಎಂದು ಬರೆಯಲು ನನಗೂ ಆಸೆ. ಆದರೆ ಕೋಣ ಕೋಣವೇ, ಹಿಂಡಿ ಹಿಂಡಿಯೇ. ಬಕೆಟ್ ಗಲಗಲ ಎಂದ ಕೂಡಲೆ ಮರ ಮುರಿಯುವ ಸದ್ದಾಯಿತು. ಅಜ್ಜ ಬಂದ. ಸ್ತುತಿ ಕೇಳಿಸಲಿಲ್ಲವೆಂದು ಒಂದು ಗಳಿಗೆ ನಿಂತು ಕಿವಿ ಅಲ್ಲಾಡಿಸಿದ. ಆಮೇಲೆ ಹೊಟ್ಟೆಯ ಮಾತು ಕೇಳಿ ಓಡಿ ಬಂದ.

ಕ್ರೌಚ್ ಕಿರುಚಿದ. ಅವನ ಮೊದಲ ಗುಂಡು ಹುತ್ತಕ್ಕೆ ಹೋಯಿತು. ಎರಡನೆಯದನ್ನು ಹೊಡೆಯುವ ಬದಲು ಬಂದೂಕು ಬಿಟ್ಟು ಜೀಪಿನ ಹಿಂದೆ ಬಂದು ಕುಕ್ಕರಿಸಿ ಕೂತ. ಅವನ ಪ್ಯಾಂಟಿನ ಮುಂಭಾಗ ಒದ್ದೆಯಾಗಿತ್ತು. ಕೊಳಾಯಿ ವ್ಯಾಪಾರಿಯ ಕೊಳಾಯಿಯೇ ಸೋರಿತ್ತು. ಗರ್ಟ್ ಕೂಡ ಗಾಬರಿಯಲ್ಲಿ ಬಕೆಟ್ಟನ್ನು ಬಯಲಿಗೆ ಎಸೆದಿದ್ದ. ಅಜ್ಜ ಯಾರನ್ನೂ ನೋಡಲಿಲ್ಲ. ಬಕೆಟ್ಟಿಗೆ ಮುಖ ಹಾಕಿ ತಿನ್ನತೊಡಗಿದ. ಕಟಕಟ ಎಂದು ಹಿಂಡಿ ಅಗಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹುಳ ಹೆಕ್ಕುವ ಹಕ್ಕಿಯೊಂದು ಅವನ ಬೆನ್ನ ಮೇಲೆ ಓಡಾಡುತ್ತಿತ್ತು.

ಆ ಹೊತ್ತಿನಲ್ಲಿ ಎಲ್ಲರೂ ನಕ್ಕುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಪ್ಯಾಂಟು ಒದ್ದೆಯಾದವನಿಗೆ ನಗು ಬರುವುದಿಲ್ಲ. ಗರ್ಟ್ ಬಂದೂಕನ್ನು ಎತ್ತಿ ಅವನ ಕೈಗೆ ಕೊಟ್ಟು, "ಈಗ, ಈಗ, ಭುಜದ ಹಿಂದೆ," ಎಂದು ಪಿಸುಗುಟ್ಟಿದ. ಕ್ರೌಚ್ ಜೀಪಿನ ಬಾನೆಟ್ಟಿಗೆ ಮೊಣಕೈ ಊರಿ, ತಿನ್ನುತ್ತಿದ್ದ ಕೋಣಕ್ಕೆ ಹೊಡೆದ. ಅಜ್ಜ ತಲೆ ಎತ್ತಿ ನಮ್ಮ ಕಡೆ ನೋಡಿದ, ಇನ್ನೂ ಹಿಂಡಿ ಬರುತ್ತದೆ ಎನ್ನುವ ಹಾಗೆ. ಮತ್ತೆ ಹೊಡೆದ. ಮತ್ತೆ. ಬಿದ್ದ ಮೇಲೂ ಹೊಡೆದ. ಕೊನೆಗೆ ಗರ್ಟ್ ಬಂದೂಕಿನ ನಳಿಗೆಯನ್ನು ಕೆಳಗೆ ಒತ್ತಿ ಹಿಡಿಯಬೇಕಾಯಿತು.

"ನೋಡಿದ್ಯಾ ಹೇಗೆ ನುಗ್ಗಿ ಬಂತು!" ಎಂದ ಕ್ರೌಚ್, ನನ್ನ ಭುಜ ಹಿಡಿದು ಅಲ್ಲಾಡಿಸುತ್ತಾ. "ಸಾವು ಕಣ್ಮುಂದೆ ಬಂದಿತ್ತು, ಗೊತ್ತಾ? ವಿಡಿಯೋ ತೆಗೆದ್ಯಾ?"

"ತೆಗೆದೆ ಸಾರ್. ನೀವು ಜೀಪಿನ ಹಿಂದೆ ಕೂತಿದ್ದೂ ಬಂದಿದೆ."

"ಅದನ್ನ ಅಳಿಸು."

ಆಮೇಲೆ ಅವನು ಅಜ್ಜನ ಗಾಯಕ್ಕೆ ಎರಡು ಬೆರಳು ಅದ್ದಿ ತನ್ನ ಕೆನ್ನೆಗಳಿಗೆ ರಕ್ತ ಬಳಿದುಕೊಂಡ. ಅದು ವೀರರ ಪದ್ಧತಿಯಂತೆ. ಸೊಳ್ಳೆಯೆಣ್ಣೆ, ಮೂತ್ರ, ರಕ್ತ ಮೂರೂ ಸೇರಿದ ಆ ವಾಸನೆ ಈಗಲೂ ಕೆಲವು ದಿನ ನನ್ನ ಊಟದ ತಟ್ಟೆಯಿಂದ ಏಳುತ್ತದೆ.

ಫೋಟೋ ತೆಗೆಯಬೇಕಾಯಿತು. ನಾಲಿಗೆ ಒಳಗೆ ಹಾಕುವವನು ಇರಲಿಲ್ಲ. ಗರ್ಟ್ ಇಕ್ಕಳದಿಂದ ಕಿವಿಯ ಬಿಲ್ಲೆ ಕಿತ್ತ. ತೂತು ಉಳಿಯಿತು. ಆಮೇಲೆ ನಾಲಿಗೆಗೆ ಕೈ ಹಾಕಿದ. ಮರದ ಹಲಗೆಯಷ್ಟು ಅಗಲದ, ನೊರೆ ಮೆತ್ತಿದ ನಾಲಿಗೆ ಈ ಕಡೆ ತಳ್ಳಿದರೆ ಆ ಕಡೆ ಬಂತು. "ನೀನು ಹಿಡ್ಕೋ, ನೀನು ಮುಳ್ಳುಹಂದಿ ಅಲ್ವಾ!" ಎಂದು ನನಗೆ ಹೇಳಿದ. ನನ್ನ ತಾಯಿ ಕಾಡುಕೋಣ ಕುಣಿಯುವವರ ಮನೆಯಿಂದ ಬಂದವಳು. ಆದರೂ ಹಿಡಿದೆ. ಇನ್ನೂ ಬೆಚ್ಚಗಿತ್ತು. ದವಡೆ ಎತ್ತಿದರೆ ಅಗಿಯದೆ ಉಳಿದ ಹಿಂಡಿ ಮುದ್ದೆಮುದ್ದೆಯಾಗಿ ನನ್ನ ಮುಂಗೈ ಮೇಲೆ ಸುರಿಯಿತು. ನಾನು ಕೈಯನ್ನು ಹುಲ್ಲಿಗೆ ಒರೆಸಿಕೊಂಡು ಬಂದು ಫೋಟೋ ತೆಗೆದೆ. ಫೋಟೋದಲ್ಲಿ ನಾಲಿಗೆ ಹೊರಗೇ ಇತ್ತು, ತುಟಿಗೆ ಹಿಂಡಿ ಮೆತ್ತಿತ್ತು, ಒಂದು ಮೂಲೆಯಲ್ಲಿ ಕೆಂಪು ಬಕೆಟ್ಟಿನ ಅಂಚು ಇಣುಕುತ್ತಿತ್ತು. ಕ್ರೌಚ್‌ಗೆ ಫೋಟೋದಲ್ಲಿ ಕ್ರೌಚ್ ಬಿಟ್ಟು ಬೇರೇನೂ ಕಾಣಲಿಲ್ಲ. "ಅದ್ಭುತ!" ಎಂದ.

ಅಷ್ಟಕ್ಕೂ ಬಿಡಲಿಲ್ಲ. ಬೇಟೆಯ ಮಾಂಸದಿಂದ ಹಳ್ಳಿಯ ಬಡವರ ಹೊಟ್ಟೆ ತುಂಬುತ್ತದೆ ಎಂದು ಗರ್ಟ್‌ನ ಜಾಹೀರಾತಿನಲ್ಲಿತ್ತು. ಕ್ರೌಚ್‌ಗೆ ಆ ಫೋಟೋವೂ ಬೇಕಾಯಿತು.

"ಇಂಪಾಲ ಕೊಡೋಣ, ಅವರಿಗೆ ಅದೇ ಇಷ್ಟ," ಎಂದು ಗರ್ಟ್ ತಲೆ ಕೆರೆದುಕೊಂಡ.

"ಇಲ್ಲ. ನನ್ನ ಕೋಣ. ನನ್ನ ಕೈಯಾರೆ."

ಗಿರಾಕಿ ಮುಂದಿನ ವರ್ಷ ಗೆಳೆಯರನ್ನು ಕರೆತರುವವನು. ಗರ್ಟ್ ಬಾಯಿ ಮುಚ್ಚಿಕೊಂಡ. ಅವನ ನಾಲಿಗೆ ಒಳಗೆ ಹಾಕುವುದಕ್ಕೆ ಯಾರೂ ಬೇಕಾಗಲಿಲ್ಲ.

ಪಕ್ಕದ ಫಾರ್ಮಿನವನು ಬಂದು ಸುಲಿದುಕೊಟ್ಟ ಮೇಲೆ, ಮಧ್ಯಾಹ್ನ ಟ್ರೈಲರಿನಲ್ಲಿ ಮಾಂಸ ಹೇರಿಕೊಂಡು ಮೊವಾನೆಂಗ್‌ನ ದೊಡ್ಡ ಮರದ ಕೆಳಗೆ, ಊರ ಪಂಚಾಯಿತಿ ಸೇರುವ ಜಾಗದಲ್ಲಿ ನಿಲ್ಲಿಸಿದೆ. ಗಾಡಿಯ ಸದ್ದಿಗೆ ಹೆಂಗಸರು ಬೇಸಿನ್ ಹಿಡಿದು ಬಂದರು. ಟ್ರೈಲರಿನ ಮೇಲೆ ಇಟ್ಟಿದ್ದ ತಲೆಯನ್ನು ನೋಡಿದರು. ಮೊದಲು ಬಂದವಳು ಬೇಸಿನ್‌ನಿಂದ ಮುಖ ಮುಚ್ಚಿಕೊಂಡಳು. ಅರ್ಧ ಊರು ಕಾಡುಕೋಣ ಕುಣಿಯುವವರದು. ಉಳಿದ ಅರ್ಧ ಊರು ತಿನ್ನಬಹುದಿತ್ತು. ಆದರೆ ಪಕ್ಕದ ಮನೆಯವನ ಹಿರಿಯನನ್ನು ಅವನ ಕಣ್ಣೆದುರೇ ಸಾರು ಮಾಡುವುದುಂಟೇ? ಒಬ್ಬರೂ ಕೈ ಚಾಚಲಿಲ್ಲ. ಕ್ರೌಚ್ ಎರಡೂ ಕೈಯಲ್ಲಿ ತೊಡೆಯ ತುಂಡೊಂದನ್ನು ಎತ್ತಿ ಹಿಡಿದು, ಕ್ಯಾಮೆರಾ ಕಡೆ ನಗುತ್ತಾ ನಿಂತೇ ಇದ್ದ. ನೊಣಗಳು ಮಾಂಸದಿಂದ ಅವನ ಕೆನ್ನೆಯ ರಕ್ತಕ್ಕೆ, ಕೆನ್ನೆಯಿಂದ ಮಾಂಸಕ್ಕೆ ಓಡಾಡುತ್ತಿದ್ದವು.

"ನಾಚಿಕೆ ಇವರಿಗೆ, ಪಾಪ," ಎಂದ.

ಮೊಡಿಸಾ ಅಕ್ಕನ ಅಂಗಳದಿಂದ ಎದ್ದು ಬಂದ. ಮಾಸಿದ ಕೋಟು ಹಾಕಿದ್ದ, ಸಾವಿನ ಮನೆಗೆ ಹೋಗುವಾಗ ಹಾಕುವ ಕೋಟು. ಟ್ರೈಲರಿನ ಹತ್ತಿರ ನಿಂತು ಆ ಹೊರಚಾಚಿದ ನಾಲಿಗೆಯನ್ನು, ತುಟಿಯ ಮೇಲಿನ ಹಿಂಡಿಯನ್ನು ನೋಡಿದ. ಮುಟ್ಟಲಿಲ್ಲ. ದನಿ ಎತ್ತಿ ಶುರುಮಾಡಿದ:

"ಹಣೆಯ ಮೇಲೆ ಬಂಡೆ ಹೊತ್ತವನೇ..."

ಹೆಂಗಸರು ನೆಲಕ್ಕೆ ಕೂತರು. ಒಂದೊಂದು ಸಾಲಿಗೂ ಊರು ಹೂಂಗುಟ್ಟಿತು. ಕೊನೆಯಲ್ಲಿ 'ಬಾ' ಎನ್ನುವ ಕಡೆ ಮೊಡಿಸಾ 'ಹೋಗು' ಎಂದ. ಆಮೇಲೆ ಅದೇ ದನಿಯಲ್ಲಿ, ಉಣ್ಣಲು ಕರೆದು ಕೊಂದವರ ಹೆಸರು ನಿನ್ನ ಮಕ್ಕಳ ಬಾಯಲ್ಲಿ ಬಾರದಿರಲಿ ಎಂದು ಸೇರಿಸಿದ. ಗರ್ಟ್‌ಗೆ ಪ್ರತಿ ಮಾತೂ ಅರ್ಥವಾಯಿತು. ಅವನು ಜೀಪಿನ ಟೈರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಕ್ರೌಚ್‌ನ ಕಣ್ಣಲ್ಲಿ ನೀರು. "ನನ್ನನ್ನ ಹೊಗಳ್ತಿದಾನಾ?" ಎಂದು ನನ್ನ ಕಿವಿಯಲ್ಲಿ ಕೇಳಿದ.

"ಸತ್ತೋರಿಗೆ ಹೇಳೋದು ಸಾರ್ ಅದು. ಟೋಪಿ ತೆಗೀರಿ."

ತೆಗೆದ. ತೊಡೆಯ ತುಂಡನ್ನು ಕಂಕುಳಲ್ಲಿ ಇರುಕಿಕೊಂಡು, ಟೋಪಿಯನ್ನು ಎದೆಗೆ ಒತ್ತಿ ಹಿಡಿದು, "ನನ್ನೂರಲ್ಲಿ ಒಬ್ಬನೂ ನನಗೆ ಇಷ್ಟು ಗೌರವ ಕೊಟ್ಟಿಲ್ಲ ಕಣಯ್ಯ," ಎಂದು ಮೂಗು ಒರೆಸಿಕೊಂಡ. ಅದೊಂದು ಮಾತನ್ನು ಮಾತ್ರ ನಾನು ಪೂರ್ತಿ ನಂಬಿದೆ.

ಅವರು ಮಾಂಸವನ್ನು ಅಲ್ಲೇ ಇಳಿಸಿ ಹೋದ ಮೇಲೆ ನಾವು ಮುಳ್ಳುಹಂದಿಯವರು, ಕೋತಿಯವರು ಸೇರಿ ಗುಂಡಿ ತೋಡಿ ಹೂಳಿದೆವು. ನಾಯಿಗಳಿಗೆ ಬೆಡಗಿಲ್ಲವಾದ್ದರಿಂದ ಮೇಲೆ ಮುಳ್ಳು ಹೇರಿದೆವು. ತಲೆ ಮಾತ್ರ ಸಿಗಲಿಲ್ಲ. ಅದು ಗೋಡೆಗೆ ಹೋಗಬೇಕಾದದ್ದು.

ಮೊಡಿಸಾ ಈಗ ಅಕ್ಕನ ಆಡು ಮೇಯಿಸುತ್ತಾನೆ. ಈಗಿರುವ ಮನೆ ಬಾಡಿಗೆಯದು, ಸೋರುತ್ತದೆ. ಬೊನೊಲೊ ಇನ್ನೂ ಬೈಯುತ್ತಾಳೆ. ಆದರೆ ಮದುವೆಗೂ ಸಾವಿಗೂ ಅವನನ್ನೇ ಕರೆಯುತ್ತಾರೆ, ಅವನು ಹೋಗಿ ಬಾಯಿ ಬಿಡುತ್ತಾನೆ.

ಮುಂದಿನ ಬೇಟೆಯ ಕಾಲಕ್ಕೆ ಗರ್ಟ್ ನನ್ನ ಕೈಯಲ್ಲಿ ಹೇಳಿಕಳಿಸಿದ. ಫೋಟೋಗಳು ಕೆಡುತ್ತಿವೆ, ಗಿರಾಕಿಗಳು ಮುಖ ಸಿಂಡರಿಸುತ್ತಿದ್ದಾರೆ, ಮನೆ ವಾಪಸು ಕೊಡುತ್ತೇನೆ, ಬರಲಿ ಎಂದು. ನಾನು ಹೋಗಿ ಹೇಳಿದೆ. ಮೊಡಿಸಾ ಆಡಿನ ಗೊರಸು ಕೆರೆಯುತ್ತಿದ್ದ.

"ನಾಲಿಗೆ ಹೊರಗೇ ಇರ್ಲಿ ಬಿಡು ಅಳಿಯ," ಎಂದ. "ಅದಕ್ಕೂ ಏನಾದ್ರೂ ಹೇಳೋದಿರುತ್ತೆ."

ಗರ್ಟ್‌ಗೆ ಹಾಗೆಯೇ ತಲುಪಿಸಿದೆ. ಅವನು ಸಿಗರೇಟು ಹಚ್ಚಿ, "ನಾಳೆ ಬೇಗ ಬಾ, ಜೀಬ್ರಾ ಇದೆ," ಎಂದ. ಮರುದಿನ ಜೀಬ್ರಾ ಬಿತ್ತು. ಗಿರಾಕಿ ಹಿಂದೆ ಕೂತು ಹಲ್ಲು ಬಿಟ್ಟ. ನಾನು ಇದ್ದದ್ದನ್ನು ಇದ್ದ ಹಾಗೆ ತೆಗೆದುಕೊಟ್ಟೆ.